ಮದುವೆ ಮೇಲಿನ ಮನೆ

ಡಿಸೆಂಬರ್ ಚಳಿಗೆ ದ್ರಾಕ್ಷಿ ಕೆಟ್ಟೀತೆಂದು ನಾಸಿಕದ ಪಕ್ಕದ ನಿಫಾಡದ ರೈತರು ತೋಟದೊಳಗೆ ಬೆಂಕಿ ಹಾಕಿ ಕೂತಿರುತ್ತಾರಲ್ಲ, ಅದೇ ಬೆಂಕಿಗೆ ಕೈ ಕಾಯಿಸಿಕೊಳ್ಳುತ್ತ ಅವರಿಗೇ ಏರ್ ಕೂಲರ್ ಮಾರಿ ಬಂದವನು ನಾನು! ನನ್ನಂಥ ಸೇಲ್ಸ್ ವೀರನಿಗೆ ಒಂದು ಫ್ಲ್ಯಾಟು ಯಾವ ಲೆಕ್ಕ?

"ಯುಗಾದಿಯೊಳಗ ಮಾರಿ ತೋರಸ್ತೀನಿ," ಎಂದು ಹೆಂಡತಿಯ ಎದುರು ಎದೆ ತಟ್ಟಿಕೊಂಡೆ.

"ಯಾವ ವರ್ಷದ ಯುಗಾದಿ ಅಂತನೂ ಹೇಳಿಬಿಡ್ರಿ," ಅಂದಳು ಲತಾ.

ವಿಷಯ ಇಷ್ಟು. ಕಂಪನಿಯವರು ನನ್ನನ್ನು ನಾಸಿಕದಿಂದ ಎತ್ತಿ ಸಂಭಾಜಿನಗರಕ್ಕೆ ಒಗೆದಿದ್ದರು. ಅಲ್ಲಿಯ ಬಿಸಿಲಿಗೆ ಕೂಲರ್ ತನ್ನಷ್ಟಕ್ಕೆ ತಾನೇ ಮಾರಾಟವಾಗುತ್ತದೆ; ನನ್ನ ಪ್ರತಿಭೆಗೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ. ಆದರೆ ನಿಜವಾದ ಸಂಕಟ ನನ್ನವ್ವ ಸುಶೀಲಾಬಾಯಿಯದು. ಅಲ್ಲಿಯ ಬಾಡಿಗೆ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ, ಅವ್ವನ ಮೊಣಕಾಲು ನೆಟ್ಟಗಿಲ್ಲ. ಭಾಲ್ಕಿಯಿಂದ ಬಂದ ದಿನ ಉಸ್ಸಪ್ಪಾ ಎಂದು ಮೇಲೆ ಹತ್ತಿದವಳು ಮತ್ತೆ ಕೆಳಗಿಳಿದೇ ಇಲ್ಲ. ತರಕಾರಿಯವನ ಜೊತೆಗಿನ ಜಗಳವೂ ಕಿಟಕಿಯಿಂದಲೇ. "ತಮ್ಮಾ, ನೆಲದ ಮ್ಯಾಲ ಕಾಲಿಟ್ಟು ಎಷ್ಟು ದಿನ ಆತೋ," ಎಂದು ದಿನಾ ಅನ್ನುತ್ತಿದ್ದಳು. ನೆಲಮಹಡಿಯ ಮನೆಯೊಂದನ್ನು ನೋಡಿಟ್ಟಿದ್ದೆವು. ನಾಸಿಕದ ನಮ್ಮ ಸ್ವಂತ ಫ್ಲ್ಯಾಟು ಮಾರಿಹೋದರೆ ಅದು ನಮ್ಮದು.

ಆದರೆ ಫ್ಲ್ಯಾಟು ಹೋಗಲೊಲ್ಲದು! ಮನೆ ಬಂಗಾರದಂಥದ್ದು. ನಾಲ್ಕನೇ ಮಹಡಿ, ಲಿಫ್ಟ್ ಉಂಟು, ಗಾಳಿ ಉಂಟು, ಬೆಳಕು ಉಂಟು. ಇರಬಾರದ್ದು ಒಂದೇ ಒಂದು, ಬಾಲ್ಕನಿಯ ಕೆಳಗಿನ ಲಾನ್ಸ್. ನಾಸಿಕದಲ್ಲಿ ಲಾನ್ಸ್ ಅಂದರೆ ಬರೀ ಹುಲ್ಲಲ್ಲ. ಹುಲ್ಲು, ಮಂಟಪ, ಬ್ಯಾಂಡು, ಡಿಜೆ, ಸಾವಿರ ಜನರ ಊಟ ಎಲ್ಲ ಸೇರಿದ ಮದುವೆಯ ಬಯಲು. ನಾನು ಲೋನ್ ತೆಗೆದಾಗ ಅಲ್ಲಿ ಲಾನ್ ಇರಲಿಲ್ಲ, ದ್ರಾಕ್ಷಿ ತೋಟವಿತ್ತು. ಲೋನ್ ತೀರುವ ಹೊತ್ತಿಗೆ ಲಾನ್ ಬಂತು!

ಓಝರ್‌ನ ವಿಮಾನ ಕಾರ್ಖಾನೆಯಿಂದ ಒಬ್ಬ ಎಂಜಿನಿಯರ್ ಮನೆ ನೋಡಲು ಬಂದರು. ದಿನವಿಡೀ ವಿಮಾನಗಳ ನಡುವೆ ಇರುವ ಮನುಷ್ಯ, ಇವರಿಗೆ ಬ್ಯಾಂಡು ಏನು ಮಾಡೀತು ಎಂದು ನಾನು ಹಿಗ್ಗಿದೆ. ಬಾಲ್ಕನಿಗೆ ಹೋದವರು ಕಿವಿ ಮುಚ್ಚಿಕೊಂಡು ಒಳಗೆ ಬಂದರು. "ವಿಮಾನ ಹಾರಿ ಹೋದ ಮೇಲಾದರೂ ಸುಮ್ಮನಾಗುತ್ತದೆ ಸಾಹೇಬರೇ," ಎಂದವರೇ ಹಾರಿಯೇ ಹೋದರು.

"ಕೆಳಗ ಲಾನ್ಸ್ ಅದ, ಗದ್ಲ ಇರ್ತದ ಅಂತ ಮೊದ್ಲೇ ಹೇಳಿಬಿಡ್ರಿ," ಅಂದಳು ಲತಾ. "ನಡೀತದ ಅನ್ನೋರು ಬರ್ತಾರ."

"ಹುಚ್ಚಿ! ಚಳಿ ಭಾಳ ಅದ ಅಂತ ಹೇಳಿ ಯಾರಾದ್ರೂ ಕೂಲರ್ ಮಾರ್ತಾರೇನು?"

ಅಂದಿನಿಂದ ಶುರುವಾಯಿತು ನನ್ನ 'ಫ್ಲ್ಯಾಟೋದ್ಧಾರ' ಮಹಾಯಜ್ಞ! ವಾರವಾರ ವೈಜಾಪುರದ ಮೇಲೆ ಹಾಯ್ದು ನಾಸಿಕಕ್ಕೆ ಕಾರು ಓಡಿಸಿದೆ. ಗೋಡೆಗೆ ತಿಳಿಹಸಿರು ಬಣ್ಣ, ಹಾಲ್‌ನಲ್ಲಿ ಕಾಡಿನ ಚಿತ್ರ, ಮೇಜಿನ ಮೇಲೆ ನಿಫಾಡದ ದ್ರಾಕ್ಷಿ ಗೊಂಚಲು. ಬಾಲ್ಕನಿ ಬಾಗಿಲಿಗೆ ಒಂದರ ಮೇಲೊಂದು ದಪ್ಪ ಪರದೆ. ಇಷ್ಟಾದರೂ ಮದುವೆಯ ತಾಷೆ ಬಡಿತದ ಸದ್ದು ನುಗ್ಗುತ್ತದಲ್ಲ? ಅದಕ್ಕೆ ನನ್ನ ಬ್ರಹ್ಮಾಸ್ತ್ರ: ಪರದೆಯ ಹಿಂದೆ ಒಂದು ಸ್ಪೀಕರ್, ಅದರಲ್ಲಿ ಹರಿಯುವ ತೊರೆಯ ಜುಳುಜುಳು, ನಡುನಡುವೆ ಹಕ್ಕಿಯ ಚಿಲಿಪಿಲಿ!

ವೈಜಾಪುರದ ಹತ್ತಿ ವ್ಯಾಪಾರಿಯೊಬ್ಬರು ಬಂದರು. ಒಳಗೆ ಕಾಲಿಟ್ಟವರು ಗಕ್ಕನೆ ನಿಂತು ಕಿವಿಗೊಟ್ಟರು. ಸಿಕ್ಕಿಬಿತ್ತು ಮೀನು ಎಂದುಕೊಂಡೆ.

"ಪಾನಿ ಕಹಾಂ ಸೇ ಟಪಕ್ ರಹಾ ಹೈ?" ಅಂದರು.

"ಎಲ್ಲೂ ಸೋರ್ತಿಲ್ಲ, ಅದು ನಿಸರ್ಗದ ದನಿ," ಎಂದು ನಾನು ಹಿಂದಿಯಲ್ಲಿ ಕಾವ್ಯ ಹೊಸೆದೆ. ಅವರು ಕೇಳಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದರು, ಅಡುಗೆ ಕಟ್ಟೆಯ ಕೆಳಗೆ ತಲೆ ತೂರಿಸಿದರು, ಗೋಡೆಗೆ ಕಿವಿಯಿಟ್ಟು ಡಾಕ್ಟರರಂತೆ ಬಡಿದು ನೋಡಿದರು. "ಇಷ್ಟು ನೀರು ಗೋಡೆಯೊಳಗೆ ಹರೀತಿದೆ, ಒದ್ದೆ ಮಾತ್ರ ಎಲ್ಲೂ ಕಾಣ್ತಿಲ್ಲ! ಇದು ದೊಡ್ಡ ರೋಗ," ಎಂದು ತೀರ್ಪು ಕೊಟ್ಟು, ಹೋಗುವಾಗ ಕೆಳಮನೆಯವರಿಗೂ ಎಚ್ಚರಿಕೆ ಹೇಳಿ ಹೋದರು. ಕೆಳಮನೆಯವರು ಮರುದಿನವೇ ಪ್ಲಂಬರನನ್ನು ಕರೆಸಿದರು. ಅವನು ಅವರ ಛಾವಣಿ ಅಗೆದ. ಅದರ ರಿಪೇರಿ ನನ್ನ ತಲೆಗೆ ಬಂತು!

ಲತಾ ಸ್ಪೀಕರಿನ ಪ್ಲಗ್ ಕಿತ್ತು ಕೈಗೆ ಕೊಟ್ಟಳು.

ಸೋಲೊಪ್ಪುವ ಜಾತಿಯೇ ನಾನು? ಪಂಚಾಂಗ ತಂದೆ. ಮುಹೂರ್ತವಿಲ್ಲದ ದಿನ ಮದುವೆಯಿಲ್ಲ, ಮದುವೆಯಿಲ್ಲದ ದಿನ ಸದ್ದಿಲ್ಲ. ಅಂಥ ದಿನವೇ ಗಿರಾಕಿಯನ್ನು ಕರೆಯಬೇಕು! ಎಂಥ ತಲೆ ನನ್ನದು! ಅಮಾವಾಸ್ಯೆಯ ದಿನ ಹೋಗಿ ಕೂತೆ. ಲಾನ್ಸ್ ಸ್ಮಶಾನಶಾಂತ. ಗಿರಾಕಿಗಳೂ ಅಷ್ಟೇ ಶಾಂತ. "ಅಮಾವಾಸ್ಯೆ ದಿನ ಯಾರ್ರೀ ಹೊಸ ಮನಿ ನೋಡ್ಲಿಕ್ಕೆ ಬರ್ತಾರ?" ಎಂದು ಲತಾ ಕೇಳಿದಾಗಲೇ ನನ್ನ ತಲೆಗೆ ಹೊಳೆದದ್ದು.

ಆಗ ಸಿಕ್ಕರು ರತ್ನಾಕರ. ಉಡುಪಿ ಕಡೆಯವರು, ನಾಸಿಕದಲ್ಲಿ ಸಸ್ಯಾಹಾರಿ ಹೋಟೆಲು. ಫೋನಿನಲ್ಲಿ ಕನ್ನಡ ಕೇಳಿದ್ದೇ ತಡ, ನನ್ನ ನಾಲಿಗೆಗೆ ಕಡಿವಾಣ ಉಳಿಯಲಿಲ್ಲ. "ಏನ್ ಶಾಂತಿ ಅಂತೀರಿ ಸರ! ಮುಂಜಾನೆ ಹಕ್ಕಿ ದನಿ ಬಿಟ್ರ ಬ್ಯಾರೆ ಸಪ್ಪಳಿಲ್ಲ! ಧ್ಯಾನಕ್ಕ ಹೇಳಿ ಮಾಡಿಸಿದ ಜಾಗಾ!" ಅವರು ನಡುವೆ ಏನೋ ಕೇಳಲು ಬಾಯಿ ತೆರೆದಾಗಲೆಲ್ಲ ನಾನು ಇನ್ನಷ್ಟು ಶಾಂತಿ ಸುರಿದೆ. ಅವರಿಗೆ ಅಮಾವಾಸ್ಯೆಯ ಹೆದರಿಕೆ ಇರಲಿಲ್ಲ. ಮುಂದಿನ ಅಮಾವಾಸ್ಯೆಗೇ ಬರುತ್ತೇನೆಂದರು.

ಆ ದಿನ ಬಂತು, ರತ್ನಾಕರ ಬರಲಿಲ್ಲ! "ಅಡುಗೆಯವ ರಜೆ ಹಾಕಿದ್ದಾನೆ ಮಾರಾಯ್ರೇ. ಸ್ವಲ್ಪ ದಿನ ಬಿಟ್ಟು ಬರ್ತೇವೆ," ಎಂದರು. ಆ 'ಸ್ವಲ್ಪ ದಿನ' ಕಳೆದು ಅವರು ಆರಿಸಿದ ದಿನ ಯಾವುದು ಗೊತ್ತೇ? ನಾಸಿಕದ ಅರ್ಧ ಹುಡುಗರು ಮದುವೆ ಕುದುರೆ ಹತ್ತುವ ದಿನ!

ಸಂಜೆ. ಲತಾಳೊಡನೆ ಫ್ಲ್ಯಾಟಿಗೆ ಬಂದು ಕಿಟಕಿಯಿಂದ ನೋಡಿದೆ. ಈ ಕಡೆ ನಮ್ಮ ಬಿಲ್ಡಿಂಗಿಗೆ ರತ್ನಾಕರರ ಕಾರು ತಿರುಗುತ್ತಿದೆ. ಆ ಕಡೆ ಲಾನ್ಸ್ ಗೇಟಿಗೆ ಬ್ಯಾಂಡು, ಕುದುರೆ, ವರ, ಪಟಾಕಿ!

"ಲತಾ, ಪರದೆ ತೆಗೀಬ್ಯಾಡ! ಅವರಿಗೆ ಚಹಾ ಕೊಟ್ಟು ಅಡಗಿ ಮನ್ಯಾಗ ಕೂಡಿಸು. ನಾ ಬ್ಯಾಂಡ್ ಬಂದ್ ಮಾಡಿಸಿ ಬರ್ತೀನಿ!"

"ಮಂದಿ ಮದವಿ ಬಂದ್ ಮಾಡಿಸ್ತೀರೇನ್ರಿ?"

ಉತ್ತರ ಕೊಡಲು ಪುರುಸೊತ್ತೆಲ್ಲಿ? ಅವರು ಲಿಫ್ಟಿನಲ್ಲಿ ಮೇಲೆ, ನಾನು ಮೆಟ್ಟಿಲಲ್ಲಿ ಕೆಳಗೆ. ಓಡಿ ಹೋಗಿ ಬ್ಯಾಂಡ್ ಮಾಸ್ಟರನ ಮುಂದೆ ಎರಡೂ ಕೈ ಎತ್ತಿ "ಬಂದ್ ಕರಾ!" ಎಂದು ಅರಚಿದೆ. ಆ ಗದ್ದಲದಲ್ಲಿ ಅವನಿಗೆ ಕಂಡದ್ದು ಬರೀ ಕೈ. 'ಇನ್ನೂ ಜೋರಾಗಿ' ಎಂದು ತಿಳಿದು ಕಹಳೆ ಆಕಾಶಕ್ಕೆತ್ತಿದ! ಹಿಂದಿನಿಂದ ಯಾರೋ "ಮಾಮಾ ಆಲೇ! ಮುಲೀಚೇ ಮಾಮಾ ಆಲೇ!" ಎಂದು ಕೂಗಿದರು. ಹುಡುಗಿಯ ಸೋದರಮಾವ ಬಂದನಂತೆ! ಅಲ್ಲ ಅನ್ನುವಷ್ಟರಲ್ಲಿ ತಲೆಯ ಮೇಲೆ ಗುಲಾಬಿ ರುಮಾಲಿನ ಫೇಟಾ ಕೂತಿತ್ತು, ಹಣೆಯ ಮೇಲೆ ಕುಂಕುಮ ಬಿದ್ದಿತ್ತು, ಸುತ್ತ ಕುಣಿಯುವವರ ಕೋಟೆ ಕಟ್ಟಿತ್ತು.

ಆಗ ನನಗೊಂದು ಉಪಾಯ ಹೊಳೆಯಿತು. (ನನ್ನ ಕಷ್ಟಗಳೆಲ್ಲ ಶುರುವಾಗುವುದೇ ಹೀಗೆ.) ಮೆರವಣಿಗೆ ಬೇಗ ಒಳಗೆ ಹೋದರೆ ಬ್ಯಾಂಡು ಬೇಗ ನಿಲ್ಲುತ್ತದೆ. ನಾನೇ ಮುಂದಾಗಿ ಕುಣಿಯುತ್ತ ಗೇಟಿನತ್ತ ಎಳೆದರಾಯಿತು! ಕುಣಿದೆ. ಮೈಯಲ್ಲಿದ್ದ ಮೂಳೆಗಳನ್ನೆಲ್ಲ ಕುಣಿಸಿದೆ. ಜನ ಮುಂದೆ ಹೋಗುವ ಬದಲು ನಿಂತು ನೋಡತೊಡಗಿದರು. ಸೀಟಿ ಹೊಡೆದರು, ಮೊಬೈಲ್ ಎತ್ತಿದರು. ಕುದುರೆಯ ಮೇಲಿನ ವರನೂ "ಮಾಮಾ, ಇನ್ನೊಮ್ಮೆ!" ಎಂದ. ಇಬ್ಬರು ಧಾಂಡಿಗರು ನನ್ನನ್ನು ಹೆಗಲಿಗೇರಿಸಿದರು.

ಮೇಲಕ್ಕೆ ಹೋದ ಮೇಲೆ ಕಂಡಿತು ನಮ್ಮ ಬಾಲ್ಕನಿ. ಪರದೆಗಳು ಪೂರ್ತಿ ಸರಿದಿದ್ದವು! ಕಟಾಂಜನಕ್ಕೆ ಒರಗಿ ಮೂವರು ನಿಂತು ನನ್ನನ್ನೇ ನೋಡುತ್ತಿದ್ದರು. ಅವರಲ್ಲಿ ಒಬ್ಬಳು ಲತಾ.

ಹೇಗೆ ಇಳಿದೆನೋ, ಹೇಗೆ ಹತ್ತಿದೆನೋ! "ಅಯ್ಯಪ್ಪಾ, ಸತ್ತೆ!" ಎಂದು ಏದುಸಿರು ಬಿಡುತ್ತ ಬೆಲ್ ಒತ್ತಿದೆ. ಬಾಗಿಲು ತೆರೆದವರು ಸಾಕ್ಷಾತ್ ರತ್ನಾಕರ. ನನ್ನ ಫೇಟಾ ನೋಡಿ ಮುಖ ಅರಳಿಸಿದರು.

"ಓ, ನೀವಾ! ಕನ್ನಡದವ್ರಾ? ಒಳ್ಳೇ ಕುಣಿದ್ರಿ ಮಾರಾಯ್ರೇ! ಆದ್ರೆ ಮದುವೆ ಕೆಳಗೆ, ಇದು ಮನೆ. ಇರಲಿ, ಬಂದದ್ದು ಒಳ್ಳೇದಾಯ್ತು. ನಿಮ್ಮಲ್ಲಿ ಕೇಟರಿಂಗ್ ಯಾರದ್ದು?"

"ಕೇ... ಕೇಟರಿಂಗಾ?"

"ಹೌದು. ನಮ್ಮದು ಹೋಟೆಲು ಹೆಸರಿಗೆ, ದೊಡ್ಡ ಕೆಲಸ ಮದುವೆ ಊಟದ್ದೇ. ದಿನಾ ನಸುಕಿಗೆ ಎದ್ದು ಊರಿನ ಆ ತುದಿಯಿಂದ ಈ ಕಡೆಯ ಲಾನ್ಸ್‌ಗಳಿಗೆ ಪಾತ್ರೆ ಹೊತ್ತು ಬರುವುದೇ ಒಂದು ಶಿಕ್ಷೆ. ಈ ಅಮ್ಮ ಬಾಗಿಲು ತೆಗೆದ ಕೂಡ್ಲೇ ಹೇಳಿಬಿಟ್ರು, ಇಲ್ಲಿ ಮದುವೆ ಗಲಾಟೆ ಜಾಸ್ತಿ ಅಂತ. ಪರದೆ ಸರಿಸಿ ತೋರಿಸಿಯೂ ಬಿಟ್ರು. ನಮಗೆ ಮತ್ತೆಂತ ಬೇಕು? ಇವರ ಯಜಮಾನ್ರು ಒಬ್ರಿದ್ದಾರೆ, ಫೋನಿನಲ್ಲಿ ಬರೀ ಶಾಂತಿ, ಧ್ಯಾನ, ಹಕ್ಕಿ! ಸನ್ಯಾಸಿಗಳ ಮನೆ ನಮಗ್ಯಾಕೆ ಅಂತ ನಾನು ಬರುವುದೇ ಬೇಡ ಅಂದಿದ್ದೆ. ನನ್ನ ಹೆಂಡತಿ ಮನೋರಮಾ ಒತ್ತಾಯ ಮಾಡಿ ಕರ್ಕೊಂಡು ಬಂದಳು."

ಒಳಗೆ ಮನೋರಮಾ ಬಾಲ್ಕನಿಯಲ್ಲಿ ಗೇಣು ಹಾಕುತ್ತ, ಯಾವ ಕುರ್ಚಿ ಎಲ್ಲಿ ಎಂದು ಆಗಲೇ ಲೆಕ್ಕ ಹಾಕುತ್ತಿದ್ದರು.

"ಸರ, ಆ ಯಜಮಾನ ನಾನೇರಿ!" ಅಂದೆ. ಫೇಟಾದ ಬಾಲ ಬಿಚ್ಚಿ ಮೂಗಿನ ಮೇಲೆ ಬಿತ್ತು.

ರತ್ನಾಕರ ನನ್ನನ್ನು ಅನುಮಾನದಿಂದ ನೋಡಿ ಒಳಗೆ ತಿರುಗಿದರು. "ಅಮ್ಮ, ಇವರು ಈ ಮನೆ ಯಜಮಾನ್ರಂತೆ. ಹೌದಾ?"

ಲತಾ ಚಹಾದ ಕಪ್ಪು ಕೈಯಲ್ಲಿ ಹಿಡಿದುಕೊಂಡು ಬಂದಳು. ನನ್ನನ್ನು ಫೇಟಾದಿಂದ ಚಪ್ಪಲಿವರೆಗೆ ಒಮ್ಮೆ ನೋಡಿದಳು. ಚಹಾವನ್ನು ರತ್ನಾಕರರ ಕೈಗೆ ಕೊಟ್ಟಳು.

"ಮೊದಲ ನಮ್ಮ ವ್ಯವಹಾರದ ಮಾತು ಮುಗೀಲಿರಿ ಅಣ್ಣಾರ," ಅಂದಳು. "ಇವರ ಗುರ್ತು ಆಮ್ಯಾಲ ಹಿಡದ್ರಾತು."