ಮೂರನೇ ಅಂಕದ ಉಂಗುರ

ಅಂಶೆಲ್: ಬೇಡ ಅಂದ್ರೆ ಬೇಡ! ಆ ಹುಡುಗ ಮದುವೆ ಮಾತು ಪೂರ್ತಿ ಹೇಳಕೂಡದು!

ಬೆರಿಷ್: ಯಾಕ್ರೀ ಹೇಳಕೂಡದು? ಮದುವೆ ದೃಶ್ಯದಲ್ಲಿ ಮದುವೆ ಮಾತು ಹೇಳದೆ ಹೆರಿಂಗ್ ಮೀನಿನ ರೇಟು ಹೇಳ್ತಾನಾ?

ಅಂಶೆಲ್: ಬೆರಳಿಗೆ ಉಂಗುರ ಹಾಕಿ, ಇಬ್ಬರು ಸಾಕ್ಷಿಗಳ ಎದುರಿಗೆ ಆ ಮಾತು ಪೂರ್ತಿ ಆಡಿಬಿಟ್ರೆ, ಸ್ಟೇಜಾದ್ರೇನು, ಪ್ರಾರ್ಥನೆಯ ಸಿನಗಾಗ್ ಆದ್ರೇನು, ಮದುವೆ ಆಗಿಹೋಯ್ತು. ಆಮೇಲೆ ಆ ಹುಡುಗಿ ಬಿಡುಗಡೆ ಪತ್ರಕ್ಕೆ ಧರ್ಮಗುರು ರಬ್ಬಿಗಳ ಬಾಗಿಲು ಕಾಯಬೇಕು.

ಸೆಕೆಂಡ್ ಅವೆನ್ಯೂವಿನ ನಮ್ಮ ಯಹೂದಿ ರಂಗಮಂದಿರದಲ್ಲಿ ನಾನು ಪ್ರಾಂಪ್ಟರ್. ನಲವತ್ತೊಂದು ವರ್ಷದ ಹಿಂದೆ ಬೀದಿಗೆ ಬೀದಿಗೇ ಕಣ್ಣೀರು ತರಿಸಿದ 'ಅವನ ತಾಯಿ ಯಾರು?' ನಾಟಕಕ್ಕೆ ಮರುಜೀವ ಕೊಡಲು ಹೊರಟಿದ್ದೇವೆ. ನಾವು ಜೀವ ಕೊಡುತ್ತಿದ್ದೇವೋ, ತೆಗೆಯುತ್ತಿದ್ದೇವೋ, ಮೇಲಿರುವವನಿಗೇ ಗೊತ್ತು. ಹೆತ್ತವಳು ಯಹೂದಿಯೋ ಅಲ್ಲವೋ ತಿಳಿಯದ ಹುಡುಗನಿಗೆ ರಬ್ಬಿಯ ಮಗಳನ್ನು ಕೊಡಬಹುದೇ ಎಂದು ಎರಡು ಅಂಕ ಜಗಳ, ಮೂರನೆಯದರಲ್ಲಿ ಮದುವೆ. ಬರಿಗಾಲಲ್ಲಿ ಓಡಾಡುವ ಹೊಸ ನಿರ್ದೇಶಕಿ ಮದುವೆಯ ಚಪ್ಪರವನ್ನು ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆಯಲ್ಲಿ ಮಾಡಿಸಿ, ಅದು ಅರ್ಥಗರ್ಭಿತವೆಂದು ಹೇಳಿ, ಎಳೆಯ ನಟರನ್ನು ಕರೆದುಕೊಂಡು ಊಟಕ್ಕೆ ಹೋದಳು.

ನನ್ನನ್ನು ಬಿಟ್ಟರೆ ಉಳಿದವರು ಮೂವರು. ನಾಟಕದ ಸಾಮಾನಿನ ಪೆಟ್ಟಿಗೆ ಕಾಯುವ ಮುದುಕ, ಎಲ್ಲರೂ ಗೌರವಕ್ಕೆ ರೆಬ್ ಎನ್ನುವ ಅಂಶೆಲ್, ಎಂದೋ ಮೂರು ವರ್ಷ ಧರ್ಮಗ್ರಂಥ ಓದಿದ್ದಕ್ಕೆ ಇಡೀ ಊರಿಗೆ ನ್ಯಾಯ ಹೇಳುವವರು. ಆಗಿನ ಮದುಮಗ ಬೆರಿಷ್. ಆಗಿನ ಮದುಮಗಳು ಬ್ಲೂಮಾ. ಈಗ ಇಬ್ಬರಿಗೂ ಅಜ್ಜ ಅಜ್ಜಿಯ ಪಾತ್ರ. ರಂಗದಿಂದ ಇಳಿದರೆ ಇಬ್ಬರ ನಡುವೆ ಮಾತಿಲ್ಲ, ಅದಕ್ಕೂ ನಲವತ್ತೊಂದು ವರ್ಷವೇ.

ಬ್ಲೂಮಾ: ರೆಬ್ ಅಂಶೆಲ್, ನಗಿಸಬೇಡಿ. ಹಾಗಾದ್ರೆ ಆ ಮನುಷ್ಯ ನನ್ನನ್ನ ಇನ್ನೂರು ಸಲ ಮದುವೆ ಆಗಿದಾನೆ.

ಬೆರಿಷ್: ಇನ್ನೂರ ಹದಿನಾಲ್ಕು. ಅಷ್ಟು ಸಲವೂ ನಾನು ಬಾಯಿ ತೆಗೆದ ತಕ್ಷಣ ಕೆಮ್ಮಿದಳು, ಅದನ್ನೂ ಹೇಳಿ ಅವಳಿಗೆ.

ಬ್ಲೂಮಾ: ಬೆಳ್ಳುಳ್ಳಿ ಜಗಿದು ಬಂದ ಗಂಡು ಮೂಗಿನ ಹತ್ತಿರ ನಿಂತ್ರೆ ಕೆಮ್ಮದೆ ಇನ್ನೇನು, ಹಾಡಬೇಕಿತ್ತಾ ಅಂತ ಕೇಳಿ.

ಅಂಶೆಲ್ ನಗಲಿಲ್ಲ. ಹಲ್ಲಿನ ನಡುವೆ ಇಟ್ಟುಕೊಂಡಿದ್ದ ಸಕ್ಕರೆ ತುಂಡನ್ನು ನುಂಗಿ, ಟೀ ಗ್ಲಾಸನ್ನು ಕೆಳಗಿಟ್ಟರು.

ಅಂಶೆಲ್: ಆಗ ಮಾತು ಪೂರ್ತಿ ಹೇಳ್ತಿದ್ದೆಯಾ?

ಬೆರಿಷ್: ನಾನು ಯಾವತ್ತೂ ಮಾತು ನುಂಗಿದವನಲ್ಲ.

ಅಂಶೆಲ್: ಕೆಟ್ಟಿತು ಕೆಲಸ.

ಬ್ಲೂಮಾ: ಏನು ಕೆಟ್ಟಿತು? ಸಾಕ್ಷಿ ಎಲ್ಲಿದ್ರು? ಕೆಳಗೆ ಕೂತವರೆಲ್ಲ ದುಡ್ಡು, ಬೆಂಕಿ ಮುಟ್ಟಬಾರದ ಸಬ್ಬತ್ ಸಂಜೆ ಟಿಕೆಟ್ ತಗೊಂಡು ಬಂದು ಸಿಗರೇಟು ಹಚ್ಚೋರು. ಅವರ ಸಾಕ್ಷಿ ಯಾವ ರಬ್ಬಿ ಒಪ್ತಾನೆ?

ಅಂಶೆಲ್: ಬುಧವಾರ ಮಧ್ಯಾಹ್ನದ ಆಟಕ್ಕೆ ಪರದೆ ಪಕ್ಕ ಯಾರು ನಿಂತಿರ್ತಿದ್ರು? ನಾನು, ನನ್ನ ತಮ್ಮ ಮಾಟೆಲ್. ಒಂದೂ ಸಬ್ಬತ್ ಮುರಿದವರಲ್ಲ ನಾವು.

ಬೆರಿಷ್: ಮಾಟೆಲ್ ನಿಂತಿದ್ದನ್ನ ಯಾರು ನೋಡಿದಾರೆ? ಕೋಟುಗಳ ರಾಶಿ ಮೇಲೆ ಗೊರಕೆ ಹೊಡೀತಿದ್ದ.

ಅಂಶೆಲ್: ಮದುವೆ ಹೊತ್ತಿಗೆ ಏಳ್ತಿದ್ದನಪ್ಪಾ! ಮದುಮಗ ಗ್ಲಾಸು ತುಳಿದು ಒಡೆಯೋ ಸದ್ದು ಮಾಡೋನು ಅವನೇ. ಸುತ್ತಿಗೆ ಹಿಡಕೊಂಡು ನಿನ್ನ ಬಾಯನ್ನೇ ನೋಡ್ತಿದ್ದ. ನಿನ್ನ ಮಾತು ಅವನಷ್ಟು ಗಮನ ಕೊಟ್ಟು ಕೇಳಿದವರು ಇನ್ನೊಬ್ಬರಿಲ್ಲ.

ಬ್ಲೂಮಾ ಪೆಟ್ಟಿಗೆಯ ಮೇಲೆ ಹೋಗಿ ಕೂತಳು. ಬರುವ ಮಂಗಳವಾರ ಅವಳ ಮದುವೆ, ಮಯಾಮಿಯಲ್ಲಿ ಮನೆ ಮಾಡಿರುವ ನಿವೃತ್ತ ಹಲ್ಲಿನ ಡಾಕ್ಟರು ಪರ್ಲ್‌ಮುಟರ್ ಜೊತೆ.

ಬ್ಲೂಮಾ: ಹಾಗಾದ್ರೆ ಮೂವತ್ತು ವರ್ಷ ಗಂಡ ಅಂತ ತುಪ್ಪಳದ ಅಂಗಡಿ ಮಿಲ್ಟನ್ ಮನೇಲಿ ನಾನು ಯಾರ ಹೆಂಡ್ತಿಯಾಗಿದ್ದೆ?

ಬೆರಿಷ್: ಪಾಪ, ಅದಕ್ಕೇ ಅಷ್ಟು ನೆಮ್ಮದಿಯಾಗಿ ಸತ್ತ.

ಬ್ಲೂಮಾ: ಪರ್ಲ್‌ಮುಟರ್ ದಿನಾ ಪ್ರಾರ್ಥನೆಗೆ ಹೋಗೋರು. ಇದು ಕಿವಿಗೆ ಬಿದ್ರೆ ಮಂಗಳವಾರ ನನ್ನ ಕೈ ಮುಟ್ಟಲ್ಲ. ಏನಾದ್ರೂ ದಾರಿ ಹೇಳಿ, ರೆಬ್ ಅಂಶೆಲ್!

ಬೆರಿಷ್: ಹಲ್ಲು ಕೀಳೋನಿಗೆ ಕೈಯಲ್ಲೇನು ಕೆಲಸ?

ಅಂಶೆಲ್: ಬಾಯಿ ಮುಚ್ಚು. ದಾರಿ ಇದೆ. ಉಂಗುರ ಗಂಡಿನ ಸ್ವಂತದ್ದಾಗಿರಬೇಕು, ಇನ್ನೊಬ್ಬರದ್ದಾದ್ರೆ ಮದುವೆ ನಿಲ್ಲಲ್ಲ. ಅದು ಕಂಪನಿ ಪೆಟ್ಟಿಗೆದು ತಾನೆ? ಬೆರಿಷ್ ಹೌದು ಅಂದ್ರೆ ಮುಗೀತು.

ಬ್ಲೂಮಾ: ಪೆಟ್ಟಿಗೆದೇ! ಹೌದು ಅನ್ನಕ್ಕೆ ಹೇಳಿ ಅವನಿಗೆ.

ಬೆರಿಷ್ ಟೋಪಿಯ ಅಂಚು ಸವರುತ್ತ ನಿಂತ. ಮಾತು ಮರೆತವರಿಗೆ ಎತ್ತಿಕೊಡುವುದು ನನ್ನ ಕೆಲಸ, ಆದರೆ ಈ ಜಾಗಕ್ಕೆ ನನ್ನ ಪುಸ್ತಕದಲ್ಲಿ ಏನೂ ಇರಲಿಲ್ಲ.

ಬ್ಲೂಮಾ: ಏನಂತೆ? ಮಾತು ನುಂಗದ ಮಹಾಶಯನಿಗೆ ಏನಾಯ್ತಂತೆ?

ಬೆರಿಷ್: ಪೆಟ್ಟಿಗೆದು ಹಿತ್ತಾಳೆ. ಮೊದಲ ವಾರವೇ ಅವಳ ಬೆರಳು ಹಸಿರಾಯ್ತು.

ಅಂಶೆಲ್: ಹೂಂ, ಆಮೇಲೆ?

ಬೆರಿಷ್: ಆಮೇಲೆ ಹಸಿರಾಗಲಿಲ್ಲ.

ಅಂಶೆಲ್: ಯಾಕೆ, ಹಿತ್ತಾಳೆಗೆ ಬುದ್ಧಿ ಬಂತಾ?

ಬೆರಿಷ್: ಕೆನಾಲ್ ಸ್ಟ್ರೀಟಿಗೆ ಹೋಗಿ ಚಿನ್ನದ್ದು ತಂದೆ. ನನ್ನದೇ ದುಡ್ಡಲ್ಲಿ. ಸಾಕಾ?

ಅಂಶೆಲ್: ಪೆಟ್ಟಿಗೆ ಕಾಯೋನು ನಾನು, ನನಗೇ ಗೊತ್ತಿಲ್ಲ!

ಬ್ಲೂಮಾ ಎದ್ದಳು. ನಲವತ್ತೊಂದು ವರ್ಷದಲ್ಲಿ ಮೊದಲ ಸಲ ಅವನ ಮುಖಕ್ಕೇ ಮಾತಾಡಿದಳು.

ಬ್ಲೂಮಾ: ಚಿನ್ನದ್ದಾ? ಆಟ ಮುಗಿದ ಮೇಲೆ ಕಿತ್ತು ಎಸೀತಿದ್ದೆನಲ್ಲೋ ಅದನ್ನ! ಬಾಯಿ ಬಿಟ್ಟು ಹೇಳಕ್ಕೇನಾಗಿತ್ತು ನಿನಗೆ?

ಬೆರಿಷ್: ಹೇಳಿದೆನಲ್ಲೇ, ದಿನಾ ಹೇಳಿದೆ. 'ನೀನು ನನ್ನವಳು' ಅಂತ.

ಬ್ಲೂಮಾ: ಅದು ಬರೆದುಕೊಟ್ಟ ಮಾತು, ಮುಠ್ಠಾಳ! ಸ್ಟೇಜ್ ಇಳಿದ ಮೇಲೆ ಒಂದು ದಿನ, ಒಂದೇ ಒಂದು ದಿನ, ಬಾ ಟೀ ಕುಡಿಯೋಣ ಅಂದೆಯಾ?

ಬೆರಿಷ್: ಅನ್ನೋಣ ಅಂತಿದ್ದೆ. ಅಷ್ಟರಲ್ಲಿ ಪೇಪರಲ್ಲಿ ನಿನ್ನ ಫೋಟೋ, ಆ ತುಪ್ಪಳದ ಅಂಗಡಿಯವನ ಪಕ್ಕ. ಕುತ್ತಿಗೆ ಸುತ್ತ ಸತ್ತ ನರಿ. ಯಾರು ಯಾರನ್ನ ಹಿಡಿದಿದ್ರೋ ಗೊತ್ತಾಗಲಿಲ್ಲ.

ಬ್ಲೂಮಾ: ಆ ನರಿಗೆ ನಿನಗಿಂತ ಜಾಸ್ತಿ ಬಾಯಿತ್ತು!

ಅಂಶೆಲ್: ಸಾಕು ಮಾಡಿ! ಗಂಡ ಹೆಂಡ್ತಿ ಹಾಗೇ ಜಗಳ ಆಡ್ತೀರಿ, ಇನ್ನು ಇದಕ್ಕೆ ಸಾಕ್ಷಿ ಬೇರೆ ಬೇಕಾ? ಬ್ಲೂಮಾ, ಕೇಳು ತಾಯಿ. ಕೊನೇ ದಾರಿ ಒಂದಿದೆ. ಹೆಣ್ಣು ಮನಸಾರೆ ಒಪ್ಪದೆ ಮದುವೆ ಇಲ್ಲ. ಬೆರಳು ಚಾಚಿದ್ದು ಬರೀ ನಟನೆ, ಮನಸ್ಸಲ್ಲಿ ಏನೂ ಇರಲಿಲ್ಲ. ಇಷ್ಟು ಹೇಳು. ಮಂಗಳವಾರ ನಿಶ್ಚಿಂತೆಯಾಗಿ ಚಪ್ಪರದ ಕೆಳಗೆ ಹೋಗಿ ನಿಲ್ಲು.

ಬೆರಿಷ್: ಹೇಳೇ. ನಟನೆ ಅಂತ ಹೇಳಿಬಿಟ್ಟು ಹೋಗು. ನನಗೇನು?

ಬ್ಲೂಮಾ ಕೈಚೀಲ ತೆರೆದಳು, ಮುಚ್ಚಿದಳು. ಹೊರಗೆ ಹೋಗಲು ಕೋಟಿನ ಒಂದು ತೋಳು ಹಾಕಿಕೊಂಡು ಅಲ್ಲಿಗೇ ನಿಂತಳು. ಬೆರಿಷ್ ಪ್ಲಾಸ್ಟಿಕ್ ಚಪ್ಪರವನ್ನು ನೋಡುತ್ತಿದ್ದ.

ಬ್ಲೂಮಾ: ಆಗ ನನಗೆ ಇಪ್ಪತ್ತೊಂದು ವರ್ಷ, ರೆಬ್ ಅಂಶೆಲ್. ಅಷ್ಟು ಚೆನ್ನಾಗಿ ನಟಿಸೋಕೆ ಎಲ್ಲಿ ಬರ್ತಿತ್ತು?