ಅಕ್ಕನನ್ನು ಲಾಗ್‌ಔಟ್ ಮಾಡಿದ್ದು

ಮೊಬೈಲ್ ಭದ್ರತೆಯ ವಿಷಯದಲ್ಲಿ ಇಡೀ ರಾಯಚೂರಿನಲ್ಲಿ ನನ್ನಷ್ಟು ತಿಳಿದವರು ಯಾರೂ ಇಲ್ಲ ಎಂದು ಮೊನ್ನೆಮೊನ್ನೆಯವರೆಗೂ ನಂಬಿದ್ದೆ. ನಂಬಿ ಸುಮ್ಮನಿದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ವಿಡಿಯೋ ಮಾಡಿ ಹಾಕಿದ್ದೆ!

ನಾನು ಹೈಸ್ಕೂಲ್ ಮಾಸ್ತರ, ಹೆಸರು ನಿಂಗಪ್ಪ. ಕ್ಲಾಸಿನಲ್ಲಿ ನನ್ನ ಮಾತನ್ನು ಯಾರೂ ಕೇಳುವುದಿಲ್ಲ, ಫೋನಿನಲ್ಲಿ ಹೇಳಿದರೆ ಕೇಳುತ್ತಾರೆ. ಆ ವಿಡಿಯೋದಲ್ಲಿ ಕೈಬೆರಳು ಎತ್ತಿ ಜನರಿಗೆ ಹೀಗೆ ಅಪ್ಪಣೆ ಕೊಟ್ಟಿದ್ದೆ: "ಫೋನ್ ರಿಪೇರಿಗಿ ಕೊಡೋಕಿಂತ ಮೊದಲ ಎಲ್ಲಾ ಖಾತೆ ಲಾಗ್‌ಔಟ್ ಮಾಡ್ರಿ! ಓಟಿಪಿ ಅಂದ್ರ ಮನಿ ಕೀಲಿ ಇದ್ದಂಗ, ಯಾರಿಗೂ ಕೊಡಬ್ಯಾಡ್ರಿ! 'ನಮ್ಮ ಅಕ್ಕ ಸತ್ತಾಳ, ಆಕಿ ಮಗಳ ಮದುವಿ ಅದ' ಅಂತ ಅತ್ತು ಕರೆದು ಕೇಳ್ತಾರ. ಕರಗಬ್ಯಾಡ್ರಿ!"

ಉದಾಹರಣೆ ದೂರದ್ದಲ್ಲ, ನಮ್ಮ ಮನೆಯದೇ. ನನ್ನ ಅಕ್ಕ ಹುಲಿಗೆಮ್ಮ ತೀರಿಕೊಂಡು ವರ್ಷವಾಗಿತ್ತು. ಅವಳ ಮಗಳು ರೇಣುಕಾಳ ಮದುವೆ ಗೊತ್ತಾಗಿತ್ತು. ಬೇರೆ ಉದಾಹರಣೆ ಹುಡುಕಲು ಸೋಮಾರಿತನ, ಇದನ್ನೇ ಹಾಕಿದೆ. ಮಾನ್ವಿ, ದೇವದುರ್ಗ, ಸುತ್ತಿನ ಹಳ್ಳಿಯ ಗುಂಪುಗಳಲ್ಲೆಲ್ಲ ವಿಡಿಯೋ ಓಡಾಡಿತು. ನನಗೆ ಬಹಳ ಖುಷಿಯಾಯಿತು.

ಅಕ್ಕ ದೇವದುರ್ಗದಲ್ಲಿ ಅಂಗನವಾಡಿ ಟೀಚರ್ ಆಗಿದ್ದಳು. ಭಾವ ಮೊದಲೇ ಹೋಗಿದ್ದರು. ಅಕ್ಕನೂ ಹೋದ ಮೇಲೆ ರೇಣುಕಾ ನಮ್ಮಲ್ಲಿಗೆ ಬಂದಳು. ಎರಡು ಟ್ರಂಕು, ಒಂದು ಹೊಲಿಗೆ ಮೆಷಿನ್ನು, ಅವ್ವನ ಫೋನು, ಇಷ್ಟೇ ಅವಳ ಜೊತೆ ಬಂದ ಆಸ್ತಿ. ಆ ಫೋನಿನಲ್ಲಿ ಒಂದು ಹಾಡಿತ್ತು. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅಕ್ಕ ತಾನೇ ಫೋನಿನ ಮುಂದೆ ಕೂತು, "ನಿನ್ನ ಅರಿಶಿಣಕ್ಕ ನಾ ಇರ್ತೀನೋ ಇಲ್ಲೋ, ಇದನ್ನ ಹಿಡಿದಿಟ್ಕೋ" ಎಂದು ಮಗಳಿಗೆ ಹಾಡಿಟ್ಟಿದ್ದಳು. ಅಕ್ಕನೇ ಕಟ್ಟಿದ ಹಾಡು. ಅದರಲ್ಲಿ ಮನೆಯವರೆಲ್ಲರ ಹೆಸರೂ ಇತ್ತು, ನನ್ನ ಹೆಸರು ಬಂದಾಗ ಮಾತ್ರ ಕೂತವರು ನಗುವಂತಿತ್ತು. ಅದಕ್ಕೇ ನಾನು ಪೂರ್ತಿ ಕೇಳುತ್ತಿರಲಿಲ್ಲ, ಆ ಸಾಲು ಬರುವಷ್ಟರಲ್ಲಿ ಎದ್ದು ನೀರು ಕುಡಿಯಲು ಹೋಗುತ್ತಿದ್ದೆ.

ಮದುವೆಗೆ ಹತ್ತು ದಿನ ಇರುವಾಗ ರೇಣುಕಾ ಆ ಫೋನನ್ನು ನನ್ನ ಕೈಗೆ ಕೊಟ್ಟಳು.

"ಮಾಮಾ, ಸ್ಪೀಕರ್ ಗೊರಗೊರ ಅನ್ನಾಕತ್ತದ. ಅರಿಶಿಣದ ದಿನ ಅವ್ವನ ಹಾಡು ಎಲ್ಲಾರಿಗೂ ಕೇಳಬೇಕು. ಸರಿ ಮಾಡಿಸ್ಕೊಂಡು ಬಾ."

ನನ್ನ ಹೆಂಡತಿ ದೇವಮ್ಮ ಒಳಗಿನಿಂದಲೇ ಕೂಗಿದಳು. "ರೀ, ಮೊದಲ ಹಾಡಿಂದು ಇನ್ನೊಂದು ಕಾಪಿ ಮಾಡಿ ಇಟ್ಕೊಳ್ರಿ."

"ನನಗ ಹೇಳಿಕೊಡ್ತೀಯೇನು? ಹಾಡು ಫೋನಿನ್ಯಾಗ ಅದ. ಫೋನ್ ನನ್ನ ಕೈಯಾಗ ಅದ. ಮುಗೀತು!"

ರಿಪೇರಿ ಅಂಗಡಿಯ ಬಾಗಿಲಲ್ಲಿ ನಿಂತಾಗ ನನ್ನದೇ ಅಪ್ಪಣೆ ನೆನಪಾಯಿತು. ಊರಿಗೆಲ್ಲ ಹೇಳಿದವನು ನಾನೇ ಪಾಲಿಸದಿದ್ದರೆ ಹೇಗೆ? ಅಲ್ಲೇ ನಿಂತು ಅಕ್ಕನ ಮೇಲ್ ಖಾತೆಯನ್ನು ತೆಗೆಯಲು ಹೊರಟೆ. "ಈ ಖಾತೆಯನ್ನು ಫೋನಿನಿಂದ ತೆಗೆದುಹಾಕಬೇಕೆ?" ಎಂದು ಫೋನು ಕೇಳಿತು. ಹೌದು ಎಂದೆ. ಅಕ್ಕನ ಖಾಸಗಿತನವನ್ನು ತಮ್ಮನಲ್ಲದೆ ಇನ್ಯಾರು ಕಾಯಬೇಕು!

ಸಂಜೆ ಮನೆಗೆ ಬಂದು ಹಾಡು ಹಚ್ಚಲು ಹೋದರೆ ಹಾಡಿಲ್ಲ. ಫೋಟೋ ಇಲ್ಲ. ಅಕ್ಕನ ಮುಖವೇ ಇಲ್ಲ. ಅಕ್ಕ ಹೋದ ಮೇಲೆ ಒಮ್ಮೆ ಫೋನು ತುಂಬಿಹೋಗಿದ್ದಾಗ ಯಾರೋ ಎಲ್ಲವನ್ನೂ ಆ ಖಾತೆಯೊಳಕ್ಕೆ ಸಾಗಿಸಿ ಫೋನು ಖಾಲಿ ಮಾಡಿಕೊಟ್ಟಿದ್ದರು. ಖಾತೆ ಇದ್ದಷ್ಟು ದಿನ ಹಾಡು ಕಾಣುತ್ತಿತ್ತು. ಖಾತೆಯನ್ನು ನಾನು ಕಿತ್ತುಹಾಕಿದ್ದೆ.

ಸ್ಪೀಕರ್ ಮಾತ್ರ ಗಂಟೆಯಂತಾಗಿತ್ತು. ಅದರಲ್ಲಿ ಕೇಳುವುದಕ್ಕೆ ಏನೂ ಉಳಿದಿರಲಿಲ್ಲ.

ರೇಣುಕಾ ಬೈಯಲಿಲ್ಲ. "ವಾಪಸ್ ಬರ್ತದಲ್ಲ, ಮಾಮಾ?" ಎಂದಷ್ಟೇ ಕೇಳಿದಳು.

"ಎರಡು ನಿಮಿಷದ ಕೆಲಸ!" ಎಂದೆ. ಪಾಸ್‌ವರ್ಡ್ ಒಂದು ಬೇಕಾಗಿತ್ತು ಅಷ್ಟೇ. ಅಕ್ಕನ ಹೆಸರು ಹಾಕಿದೆ. ರೇಣುಕಾಳ ಹೆಸರು ಹಾಕಿದೆ. ನಮ್ಮ ಊರು ಹಿರೇಕೊಟ್ನೆಕಲ್ ಹಾಕಿದೆ. ಅಕ್ಕ ಸಾಕಿದ್ದ ಎಮ್ಮೆಯ ಹೆಸರನ್ನೂ ಬಿಡಲಿಲ್ಲ! ಎರಡು ದಿನ ಪಾಠ ಬಿಟ್ಟು ಇದೇ ಕಸುಬು. ದೇವಮ್ಮ ರೊಟ್ಟಿ ಬಡಿಯುತ್ತ ಹೇಳಿದಳು. "ಆಕಿಗೆ ಪಾಸ್‌ವರ್ಡ್ ಎಲ್ಲಿಂದ ಗೊತ್ತಿರ್ತದ? ಫೋನ್ ಕೊಂಡಿದ್ದು ಮಾನ್ವಿ ಖಾಜಾಭಾಯ್ ಅಂಗಡ್ಯಾಗ. ಎಲ್ಲಾರ ಮೇಲ್ ಐಡಿ ಅವನೇ ಅಲ್ಲೇನು ಮಾಡಿಕೊಟ್ಟಿದ್ದು? ಅವನ್ನ ಕೇಳ್ರಿ."

ನಿಜ. ನಮ್ಮ ಕಡೆ ಫೋನು ಕೊಂಡರೆ ಮೇಲ್ ಐಡಿ, ಪಾಸ್‌ವರ್ಡ್, ಚಹಾ, ಮೂರೂ ಅಂಗಡಿಯವರದೇ. ಮರುದಿನ ರೇಣುಕಾಳನ್ನು ಕರೆದುಕೊಂಡು ಮಾನ್ವಿ ಬಸ್ಸು ಹತ್ತಿದೆ.

ಖಾಜಾಭಾಯ್ ಹಣದ ಗಲ್ಲೆಯ ಕೆಳಗಿನಿಂದ ದಪ್ಪ ರಟ್ಟಿನ ಪುಸ್ತಕ ತೆಗೆದ. ಅರ್ಧ ತಾಲ್ಲೂಕಿನ ಗುಟ್ಟು ಅದರಲ್ಲಿತ್ತು.

"ಫಿಕರ್ ಮಾಡಬ್ಯಾಡ್ರಿ ಮಾಸ್ತರ್. ಹೆಣ್ಮಕ್ಕಳಿಗೆಲ್ಲಾ ಒಂದೇ ಪಾಸ್‌ವರ್ಡ್, ಗಂಡಸ್ರಿಗೆಲ್ಲಾ ಒಂದೇ. ನೋಡ್ರಿ, ಹುಲಿಗೆಮ್ಮ ಟೀಚರ್, ದೇವದುರ್ಗ. ಅದರ ಕೆಳಗ ನಿಮ್ಮದೂ ಅದ!"

ಬಗ್ಗಿ ನೋಡಿದೆ. ಭದ್ರತೆಯ ಮಹಾಪಂಡಿತನ ಪಾಸ್‌ವರ್ಡು, ಇಂದಿಗೂ ಬಳಸುತ್ತಿರುವುದೇ, ಮಾನ್ವಿಯ ಗಲ್ಲೆಯ ಕೆಳಗೆ ಕೆಂಪು ಶಾಯಿಯಲ್ಲಿ!

"ನಿಮ್ಮ ವಿಡಿಯೋ ಭಾಳ ಚಲೋ ಇತ್ತು," ಎಂದ ಖಾಜಾಭಾಯ್.

ಅಕ್ಕನ ಪಾಸ್‌ವರ್ಡು ಸರಿಯಾಗಿತ್ತು. ರೇಣುಕಾ ನನ್ನ ತೋಳು ಹಿಡಿದುಕೊಂಡಳು. ಆದರೆ ಫೋನು ಇನ್ನೊಂದು ಕೇಳಿತು. ನಿಮ್ಮ ನಂಬರಿಗೆ ಕೋಡ್ ಕಳಿಸುತ್ತೇವೆ, ಅದನ್ನು ಹಾಕಿ.

ಅಕ್ಕನ ನಂಬರು! ಅಕ್ಕ ಹೋದ ಹೊಸದರಲ್ಲಿ ಅದರ ರೀಚಾರ್ಜ್ ನಿಲ್ಲಿಸಿದವನು ನಾನೇ. "ಸತ್ತವರ ನಂಬರಿಗೆ ಫೋನ್ ಮಾಡೋರು ಯಾರು?" ಎಂದು ಅಂದಿದ್ದೆ. ಈಗ ನಾನೇ ಮಾಡಿದೆ. ರಿಂಗಾಯಿತು. ರೇಣುಕಾ ಹತ್ತಿರ ಸರಿದು ಫೋನಿಗೆ ಕಿವಿ ಕೊಟ್ಟಳು. ಅತ್ತ ಕಡೆಯಿಂದ ಹೆಣ್ಣು ದನಿ "ಹಲೋ" ಎಂದಾಗ ಅವಳು ಒಂದು ಕ್ಷಣ ಏನೆಂದುಕೊಂಡಳೋ, ನಾನು ಕೇಳಲಿಲ್ಲ.

ಯಾರೆಂದು ಕೇಳಿದರೆ, ಆ ನಂಬರು ಈಗ ಕವಿತಾಳದ ಶರಣಮ್ಮ ಎಂಬವರದ್ದು. ನಾನು ಮಾಸ್ತರಿಕೆಯ ಗತ್ತಿನಲ್ಲಿ ಶುರುಮಾಡಿದೆ. "ಯವ್ವಾ, ನಿಮ್ಮ ಫೋನಿಗೆ ಒಂದು ಓಟಿಪಿ ಬರ್ತದ. ಅದನ್ನ ನನಗ ಹೇಳಬೇಕು."

"ಯಾಕ ಹೇಳಬೇಕು?"

"ನಮ್ಮ ಅಕ್ಕ ಸತ್ತಾಳ್ರಿ. ಆಕಿ ಮಗಳ ಮದುವಿ ಅದ."

ಆ ಕಡೆಯಿಂದ ಬೈಗುಳ ಬಿತ್ತು!

"ಥೂ ನಿನ್ನ! ಹಿಂಗೇ ಹೇಳ್ತಾರಂತ ಮಾಸ್ತರ್ ವಿಡಿಯೋದಾಗ ಮೊದಲೇ ಹೇಳ್ಯಾರ! ಸತ್ತ ಅಕ್ಕ, ಮದುವಿ, ಎಲ್ಲಾ ಹಂಗೇ! ಆ ಪುಣ್ಯಾತ್ಮ ಹೇಳಲಿಲ್ಲಂದ್ರ ನಾ ಕರಗೇಬಿಡ್ತಿದ್ದೆ!"

"ಯವ್ವಾ, ಆ ಪುಣ್ಯಾತ್ಮ ನಾನೇ!"

"ಹೌದು, ಮತ್ತ ನಾನು ಡೀಸಿ!"

ಫೋನ್ ಇಟ್ಟರು. ನನ್ನ ಪಾಠವನ್ನು ಇಷ್ಟು ಚೆನ್ನಾಗಿ ಕಲಿತ ವಿದ್ಯಾರ್ಥಿ ನನಗೆ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಸಿಕ್ಕಿರಲಿಲ್ಲ.

ಅಲ್ಲಿಂದ ಕವಿತಾಳಕ್ಕೆ ಹೋದೆವು. ಅಲ್ಲಿ ಇಲ್ಲಿ ವಿಚಾರಿಸಿ ಮನೆ ಹುಡುಕಿದೆವು. ಶರಣಮ್ಮ ಹೊಸ್ತಿಲಲ್ಲಿ ಶೇಂಗಾ ಸುಲಿಯುತ್ತಿದ್ದರು. ನನ್ನ ಮುಖ ನೋಡಿದರು, ಫೋನಿನಲ್ಲಿ ವಿಡಿಯೋ ತೆಗೆದು ಅದನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು.

"ವಿಡಿಯೋದಾಗ ಜೋರ್ ಕಾಣ್ತೀರಿ," ಎಂದರು.

ಆಮೇಲೆ ರೇಣುಕಾಳನ್ನು ನೋಡಿದರು. ನನ್ನನ್ನು ಏನೂ ಕೇಳಲಿಲ್ಲ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನಿಮ್ಮವ್ವನ ನಂಬರೇನು ಇದು? ಮೊದಮೊದಲ ಅಂಗನವಾಡಿ ಹುಡುಗರ ತಾಯಂದಿರು ಭಾಳ ಮಂದಿ ಫೋನ್ ಹಚ್ಚತಿದ್ರು. 'ಟೀಚರ್ ಅದಾರೇನ್ರಿ' ಅಂತ ಕೇಳತಿದ್ರು. ಇಲ್ಲವ್ವ ಅಂತ ಹೇಳಿ ಹೇಳಿ ನನಗೂ ಸಂಕಟ ಆಗ್ತಿತ್ತು," ಎಂದರು.

ರೇಣುಕಾ ತಲೆ ಎತ್ತಲಿಲ್ಲ. ಶೇಂಗಾ ಸಿಪ್ಪೆಯ ಮೇಲೆ ಬೆರಳಾಡಿಸುತ್ತ ಕೂತಳು.

ಕೋಡ್ ಬಂತು. ಶರಣಮ್ಮ ಒಂದೊಂದೇ ಅಂಕಿ ಓದಿದರು. ನಾನು ಒತ್ತಿದೆ. ಫೋನಿನ ಪರದೆಯ ಚಕ್ರ ಸ್ವಲ್ಪ ಹೊತ್ತು ಸುತ್ತಿತು. ಆಮೇಲೆ ಬರೆಯಿತು: ಈ ಖಾತೆಗೆ ತೀರಾ ಹೆಚ್ಚು ಸಲ ತಪ್ಪು ಪ್ರಯತ್ನ ನಡೆದಿದೆ. ಖಾತೆ ನಿಮ್ಮದೇ ಎಂದು ನಮಗೆ ಖಚಿತವಾಗಲಿಲ್ಲ.

ಎಮ್ಮೆಯ ಹೆಸರು ಹಾಕಿದ್ದು ನೆನಪಾಯಿತು. ಅದನ್ನು ನಾಲ್ಕು ಸಲ ಹಾಕಿದ್ದೆ.

"ಏನಂತ ಬಂದದ, ಮಾಮಾ?"

ಓದಿ ಹೇಳಿದೆ.

"ಅವ್ವ ನಮ್ಮಾಕಿ ಅಲ್ಲಂತೇನು?" ಎಂದಳು.

ಎಷ್ಟೋ ವಿಡಿಯೋ ಮಾಡಿದ್ದೇನೆ, ಮಾತಿಗೆ ಎಂದೂ ತಡವರಿಸಿದವನಲ್ಲ. ಆ ಹೊಸ್ತಿಲಲ್ಲಿ ಕೂತು ಶೇಂಗಾ ಸುಲಿಯತೊಡಗಿದೆ. ಶರಣಮ್ಮ ಒಳಗೆ ಹೋಗಿ ನೀರು ತಂದು ನಮ್ಮಿಬ್ಬರ ಮುಂದೆಯೂ ಇಟ್ಟರು. ಬಸ್ಸಿನಲ್ಲಿ ರಾಯಚೂರಿನವರೆಗೂ ರೇಣುಕಾ ಕಿಟಕಿಯ ಕಡೆ ತಿರುಗಿಯೇ ಇದ್ದಳು. ಆಮೇಲೂ ದಿನಾ ಬೆಳಿಗ್ಗೆ ಪ್ರಯತ್ನಿಸಿದೆ. ಫೋನು ದಿನಾ ಅದೇ ಮಾತು ಹೇಳಿತು.

ಅರಿಶಿಣದ ದಿನ ಬಂತು. ರೇಣುಕಾಳನ್ನು ಮಣೆಯ ಮೇಲೆ ಕೂರಿಸಿದರು. ಶರಣಮ್ಮನೂ ಬಂದಿದ್ದರು, ರೇಣುಕಾ ತಾನೇ ಫೋನ್ ಮಾಡಿ ಕರೆದಿದ್ದಳು, ತನ್ನ ಅವ್ವನ ನಂಬರಿಗೆ. ಹೆಂಗಸರು ಅರಿಶಿಣದ ಬಟ್ಟಲು ಹಿಡಿದು, ಹಾಡು ಯಾರು ಎತ್ತಬೇಕು ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಆ ಜಾಗ ಅಕ್ಕನದಾಗಿತ್ತು.

"ಮಾಮಾ," ಎಂದಳು ರೇಣುಕಾ. "ಅವ್ವನ ಹಾಡು ನೀನೂ ಎಷ್ಟೋ ಸಲ ಕೇಳೀಯಲ್ಲ. ನನ್ನ ಕೈಲಿ ಆಗಂಗಿಲ್ಲ, ನೀನೇ ಹಾಡು."

ನೆನಪಿಸಿಕೊಂಡೆ. ಚಿಕ್ಕಂದಿನ ಗೌಡರ ಬಾವಿ, ಅಕ್ಕನ ಉದ್ದನೆಯ ಜಡೆ, ಎಲ್ಲ ನೆನಪಾಯಿತು. ಹಾಡು ಬರಲಿಲ್ಲ. ತಾಯಿ ಮಗಳಿಗೆ ಹರಸಿದ ಸಾಲು ಒಂದೂ ಇಲ್ಲ. ಯಾವ ಸಾಲಿಗೆ ಎದ್ದು ನೀರು ಕುಡಿಯಲು ಹೋಗುತ್ತಿದ್ದೆನೋ ಅದೊಂದೇ ನೆನಪಿನಲ್ಲಿ ಗಟ್ಟಿಯಾಗಿ ಕೂತಿತ್ತು. ಬೇರೆ ದಾರಿ ಇರಲಿಲ್ಲ. ಅಷ್ಟು ಹೆಂಗಸರ ನಡುವೆ ಒಡಕು ದನಿಯಲ್ಲಿ ಹಾಡಿದೆ:

ನೀರಿಗೆ ಹೋದಾನ ನನ ತಮ್ಮ ನಿಂಗಣ್ಣ
ಬಾವಿಯ ಕಟ್ಟ್ಯಾಗ ಕೊಡ ಬಿಟ್ಟು / ಬಂದಾನ
ಬರಿಗೈಯ ಬೀಸಿ ಮನಿತನಕ

ಮೊದಲು ನಕ್ಕದ್ದು ಶರಣಮ್ಮ. ಆಮೇಲೆ ಇಡೀ ಮನೆ. ರೇಣುಕಾ ನಗುತ್ತ ನಗುತ್ತ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು, ಅರಿಶಿಣವೆಲ್ಲ ಕಣ್ಣಿಗೆ ಮೆತ್ತಿತು. ಬಹಳ ಹೊತ್ತು ಕೈ ತೆಗೆಯಲಿಲ್ಲ. ಅವಳ ಭುಜ ಅಲುಗುವುದು ನಗುವಿಗೋ ಮತ್ತೊಂದಕ್ಕೋ ಎಂದು ಎಲ್ಲರಿಗೂ ತಿಳಿದಿತ್ತು.

ಕೊನೆಗೆ ಮುಖ ಒರೆಸಿಕೊಂಡು, "ಇನ್ನೊಂದ್ ಸಲ ಹಾಡು ಮಾಮಾ. ರೆಕಾರ್ಡ್ ಮಾಡ್ಕೊಂತೀನಿ," ಎಂದಳು.

ನಾನು ಹುರುಪಿನಿಂದ ಫೋನಿಗೆ ಕೈ ಚಾಚಿದೆ.

ದೇವಮ್ಮ ಅದನ್ನು ಹಿಂದಕ್ಕೆ ಎಳೆದುಕೊಂಡಳು.

"ನೀವು ಹಾಡ್ರಿ ಸಾಕು. ಫೋನಿಗಿ ಕೈ ಹಚ್ಚಬ್ಯಾಡ್ರಿ!"