ಮೂರು ಪವರಿನ ಇಂಜಿನ್ನು, ನಾಲ್ಕನೆಯ ಕಲ್ಲು

ರಗಳೆ ಶುರುವಾದದ್ದು ಮೂರು ಎಂಬ ಅಂಕಿಯಿಂದ.

ಎಂಬತ್ತಾರನೆಯ ಇಸವಿ. ಅಮೆರಿಕಾದ ಕ್ಯಾಂಪ್‌ಬೆಲ್ ಎಂಬ ಊರಿನ ಒಂದು ಪುಟ್ಟ ಕಂಪನಿಯಲ್ಲಿ ವಿರುಪಾಕ್ಷಪ್ಪ ಗೂಡ್ಸ್ ರೈಲಿಗೆಂದು ಇಂಜಿನ್ನು ಕಟ್ಟಿದ್ದ. ಡೀಸೆಲ್, ಬ್ಯಾಟರಿ, ಮೇಲಿನ ಕರೆಂಟು ತಂತಿ, ಮೂರರಿಂದಲೂ ಓಡಬೇಕು. ಬಿಡಿಬಿಡಿಯಾಗಿ ಓಡುತ್ತಲೂ ಇತ್ತು. ಮೂರನ್ನೂ ಕೂಡಿಸುವ ಲಿವರ್ ಎಳೆದರೆ ಮಾತ್ರ ಆ ಲಿವರ್ರು ಮುನಿದ ಹೀರೋಯಿನ್ನಿನಂತೆ ಪಟ್ಟನೆ ಹಿಂದಕ್ಕೆ ತಿರುಗುತ್ತಿತ್ತು, ಇಂಜಿನ್ನು ನಿಂತುಬಿಡುತ್ತಿತ್ತು. ಶನಿವಾರ ರೈಲ್ವೆಯ ದೊಡ್ಡ ಸಾಹೇಬ ನೋಡಲು ಬರುವವನಿದ್ದ.

"ಅವತ್ತು ಓಡ್ಲಿಲ್ಲ ಅಂದ್ರೆ ಸೋಮವಾರ ಆಫೀಸಿಗೆ ಬರೋ ತೊಂದ್ರೆ ತಗೋಬೇಡಿ," ಎಂದು ಮಾಲೀಕ ಶೇಷಾದ್ರಿ ವಿಲನ್ನಿನ ಹಾಗೆ ನಿಧಾನವಾಗಿ ಕನ್ನಡಕ ಒರೆಸಿಕೊಂಡಿದ್ದ.

ಶನಿವಾರ ಹೆಂಡತಿಗೆ ಆಸ್ಪತ್ರೆ ಡ್ಯೂಟಿ. ಬಾದಾಮಿಯಿಂದ ಬಂದಿದ್ದ ಅತ್ತೆ ಬಂಗಾರೆವ್ವನನ್ನೂ ವಿರುಪಾಕ್ಷಪ್ಪ ಯಾರ್ಡಿಗೆ ಕರೆತಂದ. ಇಂಜಿನ್ನಿನ ಕಥೆ ಕೇಳಿ ಆಕೆ ಗಲ್ಲಕ್ಕೆ ಕೈ ಹಚ್ಚಿದಳು.

"ಮೂರು ಮಂದಿ ಕೂಡಿ ಹೊಂಟ್ರ ಕೆಲಸ ಕೆಡ್ತೈತ್ರೀ ಅಳಿಯಂದ್ರ. ನಾಕನೇದು ಅಂತ ಒಂದು ಕಲ್ಲರ ಇಟ್ಕೋಬೇಕು."

"ಅತ್ತಿ, ಇದು ಅಮೆರಿಕಾ ಐತ್ರಿ."

"ಅಮೆರಿಕಾದಾಗ ಎರಡಾದ ಮ್ಯಾಲೆ ನಾಕು ಬರ್ತೈತೇನು?"

ಅಳಿಯ ಆಚೆ ತಿರುಗಿದ್ದೇ ತಡ, ಹಳಿಯ ಪಕ್ಕದ ಜಲ್ಲಿಕಲ್ಲೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು, ದೃಷ್ಟಿ ತೆಗೆಯುವ ನೆಪದಲ್ಲಿ ಇಂಜಿನ್ನೇರಿ, ಲಿವರಿನ ಬುಡಕ್ಕೆ ತುರುಕಿ ಇಳಿದಳು.

ವಿರುಪಾಕ್ಷಪ್ಪ ಕಣ್ಣು ಮುಚ್ಚಿ ಲಿವರ್ ಎಳೆದ. ತಿರುಗಲಿಲ್ಲ. ಮೂರೂ ಪವರು ಒಟ್ಟಿಗೆ ಮೈಮೇಲೆ ಬಂದು, ಇಂಜಿನ್ನು ಹಿಂದಿನ ಡಬ್ಬಿಗಳ ಸಮೇತ ಮದುವೆಯೂಟದ ಮೊದಲ ಪಂಕ್ತಿಗೆ ನುಗ್ಗುವ ನೆಂಟನಂತೆ ಓಡಿತು. ಸಾಹೇಬನ ಟೋಪಿ ಹಾರಿತು.

ನಿಲ್ಲಿಸಿ ನೋಡಿದರೆ, ಲಿವರಿನ ಬುಡದಲ್ಲಿ ಕಲ್ಲು. ಆಚೆ ಶೇಷಾದ್ರಿ ಏಣಿ ಹತ್ತುತ್ತಿದ್ದಾನೆ. ಅತ್ತೆಯ ಕಲ್ಲಿನಿಂದ ಇಂಜಿನ್ನು ಓಡಿತೆಂದರೆ ಇಂಜಿನಿಯರ್ ಯಾಕೆ? ವಿರುಪಾಕ್ಷಪ್ಪ ಕಲ್ಲನ್ನು ಕಿತ್ತು ಕಿಟಕಿಯಿಂದಾಚೆ ಎಸೆದ.

ಶೇಷಾದ್ರಿ ಬಂದವನೇ ತಬ್ಬಿಕೊಂಡ. "ಸೂಪರ್ ಕಣ್ರೀ. ಸಾಹೇಬ್ರು ಇನ್ನೊಂದ್ಸಲ ನೋಡ್ಬೇಕಂತೆ. ಆಮೇಲೆ ಸೈನು."

ವಿರುಪಾಕ್ಷಪ್ಪ ಎಳೆದ ಲಿವರ್ ಪಟ್ಟನೆ ಹಿಂದಕ್ಕೆ ತಿರುಗಿತು. ಮತ್ತೆ ಎಳೆದ, ಮತ್ತೆ ತಿರುಗಿತು.

ವಿರುಪಾಕ್ಷಪ್ಪ ಕೆಳಗೆ ಹಾರಿದ. ಕಣ್ಣು ಹಾಯುವಷ್ಟು ದೂರ ಹಳಿ, ಹಳಿಯುದ್ದಕ್ಕೂ ಜಲ್ಲಿ. ಕೈಗೆ ಸಿಕ್ಕ ಕಲ್ಲುಗಳನ್ನೆಲ್ಲ ಒಯ್ದು ತುರುಕಿ ನೋಡಿದ. ಒಂದು ದಪ್ಪ, ಒಂದು ಸಣ್ಣ, ಒಂದು ಪುಡಿಪುಡಿ.

"ಏನ್ರೀ ಹುಡುಕ್ತಿದೀರ?"

"ಒಂದು ಪಾರ್ಟು ಬಿದ್ದೋಗೈತ್ರಿ ಸರ."

"ಹೆಂಗಿದೆ?"

"ಕಲ್ಲಿನಂಗ ಐತ್ರಿ."

ಪಾರ್ಟೆಂದ ಮೇಲೆ ಶೇಷಾದ್ರಿಯೂ ಮಂಡಿಯೂರಿದ. ಸಾಹೇಬನೂ ಟೋಪಿ ಬದಿಗಿಟ್ಟು ಬಗ್ಗಿದ.

ಬಂಗಾರೆವ್ವ ಬಂದು ಬಗ್ಗಿದ ಬೆನ್ನುಗಳನ್ನು ಬೆರಳಿನಲ್ಲಿ ಎಣಿಸಿದಳು.

"ಮೂರು ಮಂದಿ ಹುಡುಕಿದ್ರ ಸಿಗಂಗಿಲ್ರೀ ಅಳಿಯಂದ್ರ. ಮೊದಲ ಒಂದು ಕಲ್ಲು ಇಟ್ಕೋರಿ."